ನೂರೊಂಬತ್ತು ಕಿಲೋ ಆದಮೇಲೆ ಬನ್ನಿ

ಜಠರವನ್ನು ಕಿರಿದು ಮಾಡುವ ಬೊಜ್ಜಿನ ಆಪರೇಷನ್ನಿಗೆ ವಿಮೆಯ ದುಡ್ಡು ಕೇಳಿದವರಿಗೆಲ್ಲ ಎಕ್ಸ್‌ಕ್ಲೂಷನ್ 06ರ, ಅಂದರೆ ‘ಇದಕ್ಕೆ ದುಡ್ಡಿಲ್ಲ’ ಪಟ್ಟಿಯ ಆರನೇ ಕಲಮಿನ, ಮಂಗಳಾರತಿ ಆಗಿಯೇ ಇರುತ್ತದೆ. ವಿಮಾ ನಿಯಂತ್ರಕರು 2019ರಲ್ಲಿ ದಯಪಾಲಿಸಿದ ಷರತ್ತು, ಪಾಲಿಸಿಯ ಸಣ್ಣಕ್ಷರದಲ್ಲಿ ಇವತ್ತಿಗೂ ಹಾಯಾಗಿ ಕೂತಿದೆ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂಬ ಲೆಕ್ಕ, 40 ಇದ್ದರೆ ಸೈ. 35ರಿಂದ 40ರೊಳಗಿದ್ದರೆ ಜೊತೆಗೊಂದು ಕಾಯಿಲೆ ತೋರಿಸಬೇಕು: ಬೊಜ್ಜಿನಿಂದ ಕೆಟ್ಟ ಹೃದಯದ ಸ್ನಾಯು, ಹೃದಯದ ರಕ್ತನಾಳದ ರೋಗ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹತೋಟಿಗೆ ಬಾರದ ಟೈಪ್ 2 ಶುಗರ್. ಕೊಬ್ಬು ತುಂಬಿ ಕೆಟ್ಟ ಲಿವರ್? ಈ ಆಪರೇಷನ್ನಿನಿಂದ ಅದೂ ಸುಧಾರಿಸಬಹುದು, ಆದರೆ ಪಟ್ಟಿಯಲ್ಲೇ ಇಲ್ಲ. ಒಂದೂವರೆ ಕಿಲೋ ತೂಗುವ ಅಂಗ, ಪಾಪ, ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ.

165 ಸೆಂ.ಮೀ. ಎತ್ತರ, 100 ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳಿ. ಬಿಎಂಐ 36.7. ಲಿವರಿನಲ್ಲಿ ಕೊಬ್ಬು, ಉರಿಯೂತ, ಫೈಬ್ರೋಸಿಸ್ (ಕಲೆಗಟ್ಟಿ ಗಡುಸಾಗುವುದು) ಎರಡನೇ ಹಂತ. ಶುಗರ್ ಮಾತ್ರ ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಮಾಡಿದ ತಪ್ಪು ಅದೇ! ಈಗ ಅವರು ಮಾತ್ರೆ ಬಿಸಾಡಿ ಶುಗರ್ ಏರಿಸಿಕೊಳ್ಳಬೇಕು, ಇಲ್ಲವೇ ದಾವಣಗೆರೆಯಲ್ಲಿ ಮನೆ ಮಾಡಿ ಬೆಣ್ಣೆ ದೋಸೆ ತಿಂದು 109 ಕಿಲೋ, ಅಂದರೆ ಬಿಎಂಐ 40, ಮುಟ್ಟಬೇಕು.

ಮುಟ್ಟಿದರು, ಮಂಜೂರಾಯಿತು ಅನ್ನಿ. ಆಗ ಸರ್ಜನ್ ಹೇಳುತ್ತಾರೆ: ಎರಡು ವಾರ ದಿನಕ್ಕೆ 800 ಕ್ಯಾಲೊರಿ, ಅನ್ನ ಬಂದ್. ಯಾಕೆಂದರೆ ಲಿವರಿನ ಎಡಭಾಗ ಜಠರದ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದಿರುತ್ತದೆ. ಅದನ್ನು ರಿಟ್ರ್ಯಾಕ್ಟರ್‌ನಿಂದ ಎತ್ತಿ ಹಿಡಿದರೆ ಮಾತ್ರ ಅನ್ನನಾಳ ಜಠರ ಸೇರುವ ಜಾಗ ಕಾಣುವುದು. ಕೊಬ್ಬು ತುಂಬಿದ ಲಿವರ್ ಎತ್ತುವಾಗಲೇ ಬಿರಿದು ರಕ್ತ ಸುರಿಸುತ್ತದೆ. ಹಾಗಾಗಿ ಮೊದಲು ಅದು ಕುಗ್ಗಬೇಕು. ಅರ್ಜಿಗೆ ದಪ್ಪ, ಟೇಬಲ್ಲಿಗೆ ಸಣ್ಣ!

ಅಂದಹಾಗೆ, ಈ 40, 35 ಎಲ್ಲಿಯವು ಗೊತ್ತೇ? 1991ರಲ್ಲಿ ಅಮೆರಿಕದವರು ಕೂತು ಹಾಕಿದ ಅಂಕಿ. ಈ ಸರ್ಜನ್ನರ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಗಳೇ 2022ರಲ್ಲಿ ಅದನ್ನು ಬದಿಗಿಟ್ಟು, 35 ಇದ್ದರೆ ಬೇರೆ ಕಾಯಿಲೆಯೇ ಬೇಡ, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ ಎಂಬ ನಮ್ಮ ಮೈಕಟ್ಟಿಗೆ ಕಡಿಮೆ ತೂಕದಲ್ಲೇ ಲಿವರಿಗೆ ಕೊಬ್ಬು ಇಳಿಯುತ್ತದೆ.

ಷರತ್ತಿನಲ್ಲಿ ಇನ್ನೊಂದು ಮುತ್ತಿದೆ: ತೂಕ ಇಳಿಸುವ ಸೌಮ್ಯ ವಿಧಾನಗಳು ಮೊದಲೇ ಸೋತಿರಬೇಕು. ಸೋಲಿಗೂ ರಸೀದಿ ಬೇಕು, ಜಿಮ್ಮಿನದೋ ಡಯಟೀಶಿಯನ್ನರದೋ. 2023ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂದ ಇಟಲಿಯ ಪ್ರಯೋಗದಲ್ಲಿ ಕೊಬ್ಬಿನಿಂದ ಲಿವರ್ ಉರಿಯೂತವಿದ್ದ 288 ಮಂದಿಯನ್ನು ಮೂರು ಪಾಲು ಮಾಡಿ ನೋಡಿದರು. ಒಂದು ವರ್ಷದಲ್ಲಿ ಫೈಬ್ರೋಸಿಸ್ ಹೆಚ್ಚದೆ ಉರಿಯೂತ ವಾಸಿಯಾದದ್ದು ಪಥ್ಯ, ನಡಿಗೆ, ಔಷಧಿಯ ಪಾಲಿನವರಲ್ಲಿ ಶೇ. 16. ಜಠರ ಕಿರಿದು ಮಾಡಿ ಕರುಳಿಗೆ ಅಡ್ಡದಾರಿ ಹಾಕುವ ಬೈಪಾಸ್‌ನಲ್ಲಿ 56, ಜಠರದ ಬಹುಪಾಲು ಕತ್ತರಿಸಿ ತೆಗೆಯುವ ಸ್ಲೀವ್‌ನಲ್ಲಿ 57. ಪವಾಡವೇನಲ್ಲ. ಬಿ12, ಕಬ್ಬಿಣದ ಮಾತ್ರೆ ಬಿಡುವಂತಿಲ್ಲ. ವಾಂತಿ ನಿಲ್ಲದಿದ್ದರೆ ಥಯಮಿನ್ ಕುಸಿದು ನರಕ್ಕೇ ಪೆಟ್ಟು. ತೂಕ ಮರಳಿದರೆ ಕೊಬ್ಬೂ ಮರಳೀತು. ಆದರೂ 16 ಎಲ್ಲಿ, 56 ಎಲ್ಲಿ? ಈ ನಡುವೆ ಲಿವರ್ ಡಿಟಾಕ್ಸ್ ಜ್ಯೂಸ್ ಮಾರುವವರು ಯಾರ ಬಿಎಂಐಯನ್ನೂ ಕೇಳುವುದಿಲ್ಲ, ಮಹಾನುಭಾವರು.

ನಗು ಸಾಕು. ಲಿವರ್ ನೋಯುವುದಿಲ್ಲ, ಸುಮ್ಮನೆ ಗಟ್ಟಿಯಾಗುತ್ತದೆ. ಸಿರೋಸಿಸ್ ಆಗಿ, ಲಿವರಿಗೆ ರಕ್ತ ತರುವ ಪೋರ್ಟಲ್ ನಾಳದ ಒತ್ತಡ ಏರಿ, ಜಠರದ ಗೋಡೆಯಲ್ಲಿ ರಕ್ತನಾಳಗಳು ಉಬ್ಬಿದ ಮೇಲೆ ಈ ಆಪರೇಷನ್ನಿಗೆ ಸರ್ಜನ್ನರೇ ಹಿಂಜರಿಯುತ್ತಾರೆ. ಆಗ ಉಳಿಯುವುದು ಇಪ್ಪತ್ತು ಲಕ್ಷದ ಲಿವರ್ ಕಸಿ. ಅದಕ್ಕೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡುತ್ತವೆ. ಎಕ್ಸ್‌ಕ್ಲೂಷನ್ 06ರ ನಾಲ್ಕು ಕಾಯಿಲೆಗಳ ಪಟ್ಟಿಗೆ ಲಿವರಿನದೊಂದು ಐದನೇ ಸಾಲು ಸೇರಿಸಲು ಎಷ್ಟು ಶಾಯಿ ಬೇಕು ಸ್ವಾಮಿ?

ಅಲ್ಲಿಯವರೆಗೆ, ಲಿವರ್ ಉಳಿಸಿಕೊಳ್ಳಬೇಕಾದವರು ಸ್ಲೀಪ್ ಸ್ಟಡಿ ಮಾಡಿಸಿ. ನಿದ್ದೆಯಲ್ಲಿ ಗಂಟೆಗೆ 30 ಸಲ ಉಸಿರು ನಿಂತರೆ ಅಥವಾ ಕುಂದಿದರೆ ‘ತೀವ್ರ’, ಬಾಗಿಲು ತೆರೆಯುತ್ತದೆ. 28 ಬಂದರೆ ಇನ್ನೊಂದು ರಾತ್ರಿ ಮನಸ್ಸಿಟ್ಟು ಗೊರಕೆ ಹೊಡೆಯಿರಿ.