ಹೊಡೆಸಿಕೊಂಡವರಿಗೆ ಹೆಸರಿದೆ, ಹೊಡೆದವರಿಗೂ ಇರಲಿ

ಪ್ರತಿಭಟನೆಗೆ ಹೋದವರ ಮೇಲೆ ಹಾಕುವ ಎಫ್‌ಐಆರ್ ಪ್ರತಿಯನ್ನು ಒಮ್ಮೆ ಪೂರ್ತಿ ಓದಿ ನೋಡಿ. ಆರೋಪಿಗಳ ಜಾಗದಲ್ಲಿ ಐದಾರು ಜನರ ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ಊರು ಎಲ್ಲ ಇರುತ್ತದೆ. ಕೊನೆಗೆ ‘ಮತ್ತು ಇತರರು’ ಎಂದಿರುತ್ತದೆ. ಆ ಇತರರಲ್ಲಿ ನಾಳೆ ಯಾರನ್ನು ಬೇಕಾದರೂ ಸೇರಿಸಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿದ ಹುಡುಗ, ಮೈಕ್ ಬಾಡಿಗೆಗೆ ಕೊಟ್ಟವನು, ಬಸ್ಸು ಸಿಗದೆ ಅಲ್ಲೇ ನಿಂತಿದ್ದವನು, ಯಾರಾದರೂ ಸರಿ. ಅದೇ ಕಾಗದದಲ್ಲಿ ಲಾಠಿ ಬೀಸಿದ ವಿಷಯಕ್ಕೆ ಸಿಗುವುದು ಒಂದೇ ಸಾಲು: ‘ಲಘು ಬಲಪ್ರಯೋಗ ಮಾಡಿ ಗುಂಪನ್ನು ಚದುರಿಸಲಾಯಿತು.’ ಮಾಡಿದ್ದು ಯಾರು, ಎಷ್ಟು ಜನ, ಯಾರ ಮಾತಿನ ಮೇಲೆ ಮಾಡಿದರು, ಯಾವುದಕ್ಕೂ ಉತ್ತರವಿಲ್ಲ.

ನಾನು ವಕೀಲನಲ್ಲ. ಚಿಕ್ಕಮಗಳೂರಿನಲ್ಲಿ ಕೋರ್ಟಿಗೆ ಬರುವವರಿಗೆ ಟೈಪಿಂಗ್, ಜೆರಾಕ್ಸ್ ಮಾಡಿಕೊಡುವ ಅಂಗಡಿ ನನ್ನದು. ದೂರು, ಜಾಮೀನು ಅರ್ಜಿ, ಸಮನ್ಸ್, ಗಾಯದ ಸರ್ಟಿಫಿಕೇಟು ಎಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ. ಆಜಾದ್ ಪಾರ್ಕಿನಲ್ಲಿ ಧರಣಿ ಕೂರುವ ಹಸಿರು ಶಾಲಿನವರು, ನೀಲಿ ಶಾಲಿನವರು, ಕೇಸರಿ ಶಾಲಿನವರು, ಕೆಂಪು ಬಾವುಟದವರು, ಎಲ್ಲರೂ ಒಂದಲ್ಲ ಒಂದು ದಿನ ಕೇಸು ಹಾಕಿಸಿಕೊಂಡು ನನ್ನ ಅಂಗಡಿಗೆ ಬಂದವರೇ. ಆದ್ದರಿಂದ ಇದನ್ನು ಯಾವ ಪಕ್ಷದ ಪರವಾಗಿಯೂ ಓದಿಕೊಳ್ಳಬೇಡಿ. ಸರ್ಕಾರ ಬದಲಾದರೆ ಏಟು ತಿನ್ನುವ ಶಾಲಿನ ಬಣ್ಣ ಬದಲಾಗುತ್ತದೆ. ಆ ಒಂದು ಸಾಲು ಮಾತ್ರ ಹಾಗೇ ಇರುತ್ತದೆ.

ಕಾನೂನಿನಲ್ಲಿ ಇದಕ್ಕೆಲ್ಲ ಕ್ರಮವೇ ಇಲ್ಲವೇ ಅಂದರೆ, ಇದೆ. ಸಂವಿಧಾನದ 19ನೇ ವಿಧಿ ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು ಕೊಟ್ಟಿದೆ. ಗುಂಪನ್ನು ಚದುರಿಸಬೇಕು ಅನ್ನಿಸಿದರೆ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ ಮೊದಲು ಆದೇಶ ಕೊಡಬೇಕು. ಅದನ್ನು ಕೊಡಬೇಕಾದವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ. ಠಾಣಾಧಿಕಾರಿ ಇಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರಲ್ಲದ ಅಧಿಕಾರಿ. ಆದೇಶ ಕೇಳಿಯೂ ಜನ ಕದಲದಿದ್ದರೆ, ಅಥವಾ ಕದಲುವುದಿಲ್ಲ ಎಂಬುದು ಅವರ ನಡೆಯಿಂದಲೇ ಕಂಡರೆ, ಆಗ ಮಾತ್ರ ಬಲ. ಅಂದರೆ ಪ್ರತಿ ಲಾಠಿ ಏಟಿನ ಹಿಂದೆ ಆದೇಶ ಕೊಟ್ಟ ಒಬ್ಬ ಅಧಿಕಾರಿ ಇರಲೇಬೇಕು. ಅದೇ ಸಂಹಿತೆಯ 36ನೇ ಕಲಂ, ಬಂಧಿಸುವ ಪೊಲೀಸ್ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಣ್ಣಿಗೆ ಕಾಣುವಂತಿರಬೇಕು ಅನ್ನುತ್ತದೆ. ಇದು ಹೊಸದೇನಲ್ಲ. ಪೊಲೀಸ್ ವಶದಲ್ಲಿನ ಸಾವುಗಳ ಬಗೆಗಿನ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಹೇಳಿತ್ತು. ಕೈ ಹಿಡಿದು ಜೀಪು ಹತ್ತಿಸುವಾಗ ಕಾಣಬೇಕಾದ ಹೆಸರು, ಅದೇ ಕೈ ಮುರಿಯುವಾಗ ಕಾಣದಿದ್ದರೆ ನಡೆಯುತ್ತದೆಯೇ? ಬಂದೋಬಸ್ತಿಗೆ ನಿಂತವರ ಎದೆ ನೋಡಿ. ರಕ್ಷಣಾ ಜಾಕೆಟ್ಟಿನ ಅಡಿಯಲ್ಲಿ ಹೆಸರಿನ ಪಟ್ಟಿ ಮುಚ್ಚಿಹೋಗಿರುತ್ತದೆ, ಹೆಲ್ಮೆಟ್ಟಿನ ಹಿಂದೆ ಮುಖ ಕಾಣುವುದಿಲ್ಲ.

ನಮ್ಮ ಜಿಲ್ಲೆಯದೇ ಒಂದು ಘಟನೆ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರಿನಲ್ಲಿ ಮಹಿಳೆಯೊಬ್ಬರು ಕಾಡಾನೆಗೆ ಬಲಿಯಾದರು. ವರ್ಷಗಟ್ಟಲೆ ಆನೆ ಹಿಡಿಯಿರಿ ಎಂದು ಅರ್ಜಿ ಕೊಟ್ಟು ಸೋತಿದ್ದ ಜನ ಸಿಟ್ಟಿಗೆದ್ದಿದ್ದರು. ಅಲ್ಲಿಗೆ ಬಂದ ಆಗಿನ ಶಾಸಕರ ಅಂಗಿ ಹರಿಯಿತು. ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಜನಪ್ರತಿನಿಧಿಯ ಮೈಮೇಲೆ ಕೈ ಹಾಕಿದವರ ಮೇಲೆ ಕೇಸು ಆಗಬೇಕು, ಆಯಿತು, ಬಂಧನವೂ ಆಯಿತು. ನನ್ನ ತಕರಾರು ಇಂಥ ಘಟನೆ ಆದ ಮೇಲೆ ನಡೆಯುವುದರ ಬಗ್ಗೆ. ಒಮ್ಮೆ ‘ಇತರರು’ ಎಂದು ಬರೆದುಕೊಂಡರೆ ಇಡೀ ಊರೇ ಆರೋಪಿ. ಜೀಪು ಬಂತು ಅಂದರೆ ಗಂಡಸರು ತೋಟ ಸೇರುತ್ತಾರೆ. ಕಾಫಿ ಕೊಯ್ಲಿನ ಹೊತ್ತಲ್ಲಿ ಕೂಲಿ ಬಿಟ್ಟು ನೆಂಟರ ಮನೆ ಸೇರುತ್ತಾರೆ. ಆನೆ ಅಲ್ಲೇ ಇರುತ್ತದೆ.

ಅಂಥದೇ ಒಂದು ರಸ್ತೆ ತಡೆಯ ಕೇಸಿನಲ್ಲಿ ಸಿಕ್ಕಿಕೊಂಡಿದ್ದ ಎಸ್ಟೇಟ್ ಕಾರ್ಮಿಕರೊಬ್ಬರು ನನ್ನ ಅಂಗಡಿಗೆ ಬರುತ್ತಿದ್ದರು. ಊರು, ಹೆಸರು ಬೇಡ. ವಯಸ್ಸು ಅರವತ್ತರ ಹತ್ತಿರ. ಎಡ ಮೊಣಕೈ ಪೂರ್ತಿ ಮಡಚಲು ಬರುತ್ತಿರಲಿಲ್ಲ. “ಅಣ್ಣಾ, ಕೋರ್ಟಲ್ಲಿ ಸಾಹೇಬ್ರು ಕೇಳಿದ್ರು, ಪೊಲೀಸರು ಹೊಡೆದ್ರಾ ಅಂತ” ಅಂದರು ಒಂದು ದಿನ. ನೀವೇನು ಹೇಳಿದ್ರಿ ಅಂದೆ. “ಇಲ್ಲ ಸ್ವಾಮಿ ಅಂದೆ. ಹಿಂದೇನೇ ನಿಂತಿದ್ರಲ್ಲಪ್ಪ ಅವ್ರು.”

ಬಂಧಿಸಿದವರನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಅನ್ನುವುದು ಇದಕ್ಕಾಗಿಯೇ. ಠಾಣೆಯಲ್ಲಿ ಏನಾಯಿತು ಎಂದು ಹೇಳಲು ಬಡವನಿಗೆ ಸಿಗುವ ಮೊದಲ ಅವಕಾಶ ಅದು. ಆ ಹೊತ್ತಿನಲ್ಲಿ ಬಾಯಿಂದ ಬಂದ ‘ಇಲ್ಲ’ ದಾಖಲೆಗೆ ಹೋಗುತ್ತದೆ. ಆಮೇಲೆ ಎಷ್ಟು ಬಡಿದುಕೊಂಡರೂ ‘ಅವತ್ತು ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಎದುರಿಗೆ ಬರುತ್ತದೆ. ಆ ಕಾರ್ಮಿಕರು ಸರ್ಕಾರಿ ಆಸ್ಪತ್ರೆಗೂ ಹೋಗಿರಲಿಲ್ಲ, ಹೋಗಿದ್ದರೆ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಪಡುವ ಗಾಯ ಎಂದು ವೈದ್ಯರು ಮಾಡುವ ನಮೂದು) ಆಗಿ ಗಾಯದ ದಾಖಲೆಯಾದರೂ ಇರುತ್ತಿತ್ತು. ನಾಟಿ ಎಣ್ಣೆ ಹಚ್ಚಿ ಮನೆಯಲ್ಲೇ ಮಲಗಿದ್ದರು. ಕೇಸಿನಲ್ಲಿ ಅವರ ಹೆಸರಿತ್ತು. ಅವರ ಮೊಣಕೈ ಮುರಿದವರ ಹೆಸರು ಎಲ್ಲೂ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ನಮ್ಮೂರಿನವರೆಲ್ಲ ಮರೆಯದ ಘಟನೆ. 2023ರ ನವೆಂಬರ್ 30ರಂದು ಹೆಲ್ಮೆಟ್ ವಿಚಾರಕ್ಕೆ ಶುರುವಾದ ಮಾತು, ಒಬ್ಬ ಯುವ ವಕೀಲರ ಮೇಲೆ ನಗರ ಠಾಣೆಯಲ್ಲಿ ಹಲ್ಲೆ ಮಾಡಿದ ಆರೋಪದವರೆಗೆ ಹೋಯಿತು. ಅವತ್ತೇ ರಾತ್ರಿ ವಕೀಲರು ಠಾಣೆ ಮುಂದೆ ಸೇರಿದರು. ಪಿಎಸ್‌ಐ ಸೇರಿ ಆರು ಪೊಲೀಸರು ಅಮಾನತಾದರು, ಪ್ರಕರಣ ದಾಖಲಾಯಿತು, ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಆ ಹುಡುಗನ ಬೆನ್ನಿಗೆ ಸಂಘವೊಂದಿತ್ತು, ಒಳ್ಳೆಯದೇ ಆಯಿತು. ಅದಕ್ಕೆ ಎರಡು ವರ್ಷ ಮೊದಲು, 2021ರ ಮೇ ತಿಂಗಳಲ್ಲಿ, ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ಕುಡಿಸಿದ ಆರೋಪ ಬಂತು. ಆತ ಬಾಯಿ ಬಿಟ್ಟು ಹೇಳಿದ, ದಲಿತ ಸಂಘಟನೆಗಳು ಬೀದಿಗೆ ಬಂದವು, ತನಿಖೆ ಸಿಐಡಿಗೆ ಹೋಯಿತು, ಪಿಎಸ್‌ಐ ಅಮಾನತಾಗಿ ತಿಂಗಳುಗಳ ನಂತರ ಬಂಧನವೂ ಆಯಿತು.

ಈ ಎರಡರಲ್ಲೂ ಒಂದನ್ನು ಗಮನಿಸಿ. ನಡೆದದ್ದು ಠಾಣೆಯೊಳಗೆ, ಇಂಥವರೇ ಎಂದು ಗುರುತಿಸಬಹುದಾಗಿತ್ತು. ಅದಕ್ಕೇ ಕೇಸು ಮುಂದೆ ಹೋಯಿತು. ಬೀದಿಯಲ್ಲಿ, ನೂರು ಜನರ ನಡುವೆ ಬಿದ್ದ ಏಟಿಗೆ ಇಷ್ಟು ಕೂಡ ಆಗುವುದಿಲ್ಲ. ಯಾರೆಂದು ದೂರು ಕೊಡುತ್ತೀರಿ? ‘ಕಪ್ಪಗೆ, ಎತ್ತರಕ್ಕೆ, ಮೀಸೆ ಇತ್ತು ಸಾರ್’ ಎಂದು ಟೈಪ್ ಮಾಡಿಕೊಟ್ಟಿದ್ದೇನೆ ನಾನು. ಆ ದೂರಿಗೆ ಏನು ಬೆಲೆ ಸಿಗುತ್ತದೆ ಎಂಬುದು ಬರೆಸಿದವರಿಗೂ ಗೊತ್ತಿತ್ತು.

ಹೆಸರು ಗೊತ್ತಾದರೂ ಮುಂದೆ ಇನ್ನೊಂದು ಗೋಡೆ. ಜನರ ಮೇಲೆ ‘ಸರ್ಕಾರಿ ಕೆಲಸಕ್ಕೆ ಅಡ್ಡಿ’ ಎಂದು ಕೇಸು ಹಾಕಲು ಯಾರ ಅಪ್ಪಣೆಯೂ ಬೇಡ. ಗುಂಪು ಚದುರಿಸುವಾಗ ಮಾಡಿದ್ದಕ್ಕೆ ಪೊಲೀಸರನ್ನು ಕೋರ್ಟಿಗೆ ಎಳೆಯಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಇದನ್ನು ಇನ್ನೂ ಬಿಗಿ ಮಾಡಿದೆ. ಕರ್ತವ್ಯಕ್ಕೆ ಸಂಬಂಧಪಟ್ಟ ಕೆಲಸವಾಗಿದ್ದರೆ, ಅದರಲ್ಲಿ ಅಧಿಕಾರ ಮೀರಿದ್ದರೂ ಅನುಮತಿ ಬೇಕು ಎಂದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಪ್ರಾಮಾಣಿಕ ಅಧಿಕಾರಿಗೆ ರಕ್ಷಣೆ ಬೇಕು, ಒಪ್ಪುತ್ತೇನೆ. ಲಾಠಿ ಬೀಸಲು ಕಳಿಸಿದ ಸರ್ಕಾರವೇ, ಬೀಸಿದವರ ವಿಚಾರಣೆ ನಡೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ಮಾತ್ರ ನನ್ನಿಂದ ಒಪ್ಪಲು ಆಗುವುದಿಲ್ಲ.

ಬೀದಿಗಿಳಿಯದೆ ಬರೀ ಮಾತಾಡಿದವರ, ಓದಿದವರ ಗತಿಯೂ ಇದೇ. ಘಟ್ಟದ ಕೆಳಗಿನ ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಅಪ್ಪನ ಜೊತೆಗೇ ಹಿಡಿದರು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಪುಸ್ತಕ, ಪತ್ರಿಕೆಯ ತುಣುಕುಗಳು, ಟೀ ಪುಡಿ, ಸಕ್ಕರೆ ಇದ್ದವು. ಆ ಹುಡುಗ ಕೈಕೋಳದಲ್ಲೇ ಪರೀಕ್ಷೆಗೆ ಹೋಗಿ ಬಂದ. 2021ರಲ್ಲಿ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. ಒಂಬತ್ತು ವರ್ಷ! ಕುದುರೆಮುಖ, ಶೃಂಗೇರಿ, ಕೊಪ್ಪ ಕಡೆಯ ಕಾಡಂಚಿನವರಿಗೆ ಆ ಹಣೆಪಟ್ಟಿಯ ಭಯ ನಾನು ಹೇಳಿಕೊಡಬೇಕಾಗಿಲ್ಲ.

ದೇವನಹಳ್ಳಿಯ ಚನ್ನರಾಯಪಟ್ಟಣದ ರೈತರನ್ನೇ ನೋಡಿ (ಹಾಸನದ್ದಲ್ಲ, ಬೆಂಗಳೂರು ಗ್ರಾಮಾಂತರದ್ದು). 2025ರ ಜೂನ್ 25ರಂದು ಅವರನ್ನೂ ಅವರ ಜೊತೆ ನಿಂತವರನ್ನೂ ಎಳೆದಾಡಿ ವ್ಯಾನಿಗೆ ತುಂಬಿದರು. ಮೂರು ವಾರ ಕಳೆಯುವಷ್ಟರಲ್ಲಿ, ಜುಲೈ 15ಕ್ಕೆ, 1,777 ಎಕರೆಯ ಭೂಸ್ವಾಧೀನ ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಅವರ ಬೇಡಿಕೆ ನ್ಯಾಯವಾದದ್ದೇ ಆಗಿದ್ದರೆ ಜೂನ್‌ನಲ್ಲಿ ಎಳೆದಾಡಿದ್ದು ಯಾಕೆ? ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿದ ಇಬ್ಬರು ರೈತರು ಗುಂಡೇಟಿಗೆ ಸತ್ತರು. ಗೊಬ್ಬರ, ನೀರು, ಜಮೀನು, ಆನೆ. ಜನ ಬೀದಿಗೆ ಬರುವುದು ಇಂಥವಕ್ಕೇ.

‘ಕಲ್ಲು ಹೊಡೆದರೆ ಪೊಲೀಸರು ಸುಮ್ಮನಿರಬೇಕಾ’ ಎಂದು ಕೆಳಗೆ ಕಾಮೆಂಟು ಬರುತ್ತದೆ, ಗೊತ್ತು. ಇರಬೇಕಾಗಿಲ್ಲ. ಜಮ್ಮುವಿನ ಪ್ರತಿಭಟನೆಯೊಂದರ ಮೇಲಿನ ಲಾಠಿ ಏಟಿಗೆ ಸಂಬಂಧಿಸಿದ ಅನಿತಾ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ಮೊದಲು ಕಲ್ಲು ತೂರಿದ್ದು ಪ್ರತಿಭಟನಾಕಾರರೇ. ಹಾಗಿದ್ದರೂ ಗುಂಪು ಹತೋಟಿಗೆ ಬಂದ ಮೇಲೂ ಹೊಡೆಯುತ್ತಲೇ ಇದ್ದದ್ದು ಅತಿರೇಕ ಎಂದು ಕೋರ್ಟು ಹೇಳಿ ಪರಿಹಾರ ಕೊಡಿಸಿತು. ಕಲ್ಲು ಹೊಡೆದವನನ್ನು ಹಿಡಿಯಿರಿ, ಕೇಸು ಹಾಕಿ, ಶಿಕ್ಷೆ ಕೊಡಿಸಿ. ಓಡಿ ಹೋಗುವವನ ಬೆನ್ನಿಗೆ, ಬಿದ್ದವನ ತಲೆಗೆ ಹೊಡೆಯಲು ಯಾವ ಕಾನೂನಿನಲ್ಲೂ ಜಾಗವಿಲ್ಲ.

ಪೊಲೀಸರ ಮೇಲೆ ನನಗೆ ದ್ವೇಷವಿಲ್ಲ. ನನ್ನ ಅಂಗಡಿಯಲ್ಲೇ ವರ್ಗಾವಣೆ ಅರ್ಜಿ, ರಜೆ ಅರ್ಜಿ ಟೈಪ್ ಮಾಡಿಸುವ ಕಾನ್‌ಸ್ಟೆಬಲ್‌ಗಳಿದ್ದಾರೆ. ದತ್ತ ಜಯಂತಿ ಬಂತೆಂದರೆ ಬಾಬಾಬುಡನ್‌ಗಿರಿಯ ಚಳಿಯಲ್ಲಿ ರಾತ್ರಿಯಿಡೀ ನಿಲ್ಲುವವರು ಅವರು. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರೇ ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳದ ವಿಷಯಕ್ಕೆ ಸಾಮೂಹಿಕ ರಜೆ ಹಾಕಲು ಹೊರಟಾಗ ಏನಾಯಿತು? ಮುಂದಾಳಾಗಿದ್ದವರನ್ನು ಬಂಧಿಸಿ ರಾಜದ್ರೋಹದ ಕೇಸು ಹಾಕಿದರು. 2023ರಲ್ಲಿ ವಕೀಲರ ಪ್ರಕರಣದ ನಂತರ ನಮ್ಮೂರಿನ ಪೊಲೀಸರೂ ಬೀದಿಗೆ ಬಂದು ನ್ಯಾಯ ಕೇಳಿದರು. ಅವತ್ತು ಅವರ ಮೇಲೆ ಯಾರೂ ಲಾಠಿ ಬೀಸಲಿಲ್ಲ. ಬೀಸಬಾರದು ಕೂಡ. ಅವತ್ತು ಪೊಲೀಸರಿಗೆ ಸಿಕ್ಕ ತಾಳ್ಮೆ, ಆನೆ ತುಳಿದವರ ಹೆಣ ಮುಂದಿಟ್ಟುಕೊಂಡು ಕೂತವರಿಗೂ ಸಿಗಲಿ ಎಂದಷ್ಟೇ ನನ್ನ ಮಾತು. ಹೆಸರು ಕಾಣುವಂತಿದ್ದರೆ ಆ ಕಾನ್‌ಸ್ಟೆಬಲ್‌ಗೂ ಒಳ್ಳೆಯದೇ. ಒಬ್ಬ ಅತಿರೇಕ ಮಾಡಿದ್ದಕ್ಕೆ ಉಳಿದ ಐವತ್ತು ಜನ ಬೈಸಿಕೊಳ್ಳಬೇಕಾಗಿಲ್ಲ. ಮೇಲಿನವರು ಬಾಯಲ್ಲಿ ಹೇಳಿ ಆಮೇಲೆ ‘ನಾನು ಹೇಳೇ ಇಲ್ಲ’ ಎಂದು ಕೈ ತೊಳೆದುಕೊಳ್ಳಲು ಆಗಬಾರದು. ಅಮಾನತಾಗುವುದು ಯಾವತ್ತೂ ಕೆಳಗಿನವರೇ.

ಈಗ ಕೆಲಸದ ಮಾತು. ಏಟು ಬಿದ್ದವರು ಅವತ್ತೇ ಜಿಲ್ಲಾಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಹೋಗಿ ಎಂಎಲ್‌ಸಿ ಮಾಡಿಸಿ. ‘ಬಿದ್ದು ಪೆಟ್ಟಾಯಿತು’ ಎಂದು ಬರೆಸಬೇಡಿ. ನ್ಯಾಯಾಧೀಶರು ಕೇಳಿದಾಗ ಹಿಂದೆ ಯಾರೇ ನಿಂತಿರಲಿ, ನಡೆದದ್ದನ್ನು ಹೇಳಿ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ಅದರ ದೃಶ್ಯ ಹದಿನೆಂಟು ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ದೃಶ್ಯ ಅಳಿಸದಂತೆ ಕಾಯ್ದಿರಿಸಿ ಎಂದು ಬೇಗನೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ನಾನು ಒಂದು ಮನವಿ ಟೈಪ್ ಮಾಡಿ ಇಟ್ಟಿದ್ದೇನೆ. ಬಂದೋಬಸ್ತಿನಲ್ಲಿ ಜಾಕೆಟ್ಟಿನ ಮೇಲೆ, ದೂರದಿಂದ ಓದುವಷ್ಟು ದೊಡ್ಡದಾಗಿ ಹೆಸರು ಅಥವಾ ಸಂಖ್ಯೆ ಇರಲಿ. ಚದುರಿಸುವ ಆದೇಶ ಕೊಟ್ಟವರ ಹೆಸರು, ಹೊತ್ತು ದಾಖಲಾಗಲಿ. ಬಲ ಬಳಸಿದ ಪ್ರತಿ ಸಲವೂ ಆ ದಾಖಲೆ ಜನರಿಗೆ ಸಿಗಲಿ. ಇಷ್ಟೇ ಅದರಲ್ಲಿರುವುದು. ಹಬ್ಬಕ್ಕೆ ಮೊದಲು ಶಾಂತಿ ಸಭೆ ಕರೆಯುತ್ತಾರಲ್ಲ, ಆ ದಿನ ಜಿಲ್ಲಾಧಿಕಾರಿಗಳಿಗೂ ಎಸ್‌ಪಿ ಅವರಿಗೂ ಒಂದೊಂದು ಪ್ರತಿ ಕೊಡುತ್ತೇನೆ. ಸಹಿ ಹಾಕುವವರು ಬೆಳಿಗ್ಗೆ ಕೋರ್ಟು ಶುರುವಾಗುವ ಮೊದಲು ಅಂಗಡಿಗೆ ಬನ್ನಿ. ಯಾವ ಬಣ್ಣದ ಶಾಲಿನವರಾದರೂ ಸರಿ, ಕೆಲಸದ ಮೇಲಿಲ್ಲದ ಹೊತ್ತಿನಲ್ಲಿ ಖಾಕಿಯವರು ಬಂದರೂ ಸರಿ.