ಮಾತೆ ಇದ್ದಾಳೆ, ಕೊಂಬೂ ಇರ್ಲಿ

ಇಟಲಿಯ ನೇಪಲ್ಸ್ ಊರಿನವರ ಕತ್ತಿನ ಚೈನ್ ನೋಡೋದೇ ಒಂದು ಮಜಾ. ಒಂದೇ ಚೈನಲ್ಲಿ ಮೇರಿಮಾತೆಯ ಪುಟ್ಟ ಪದಕ, ಅದಕ್ಕೆ ತಾಗ್ಕೊಂಡೇ ಮೆಣಸಿನಕಾಯಿ ಥರ ಸೊಟ್ಟಗಿರೋ ಕೆಂಪು ಕೊಂಬು. ಕೊರ್ನಿಚೆಲ್ಲೊ ಅಂತಾರೆ ಅದಕ್ಕೆ, ಕೆಟ್ಟ ದೃಷ್ಟಿ ತಾಗದಿರ್ಲಿ ಅಂತ ಹಾಕೋದು. ಇದೆಲ್ಲ ಮೂಢನಂಬಿಕೆ ಅಂತ ಚರ್ಚು ಹೇಳುತ್ತೆ, ಜನ ಹೌದೌದು ಅಂತ ತಲೆಯಾಡ್ಸಿ ಎರಡನ್ನೂ ಹಾಕ್ಕೊಂಡೇ ಚರ್ಚಿಗೆ ಹೋಗ್ತಾರೆ. ನಂಗಂತೂ ಈ ಲೆಕ್ಕಾಚಾರ ಭಾರಿ ಇಷ್ಟ ಆಯ್ತು. ದೊಡ್ಡ ಕಷ್ಟಕ್ಕೆ ಮಾತೆ ಇದ್ದಾಳೆ, ಪಕ್ಕದ್ಮನೆಯವರ ಹೊಟ್ಟೆಕಿಚ್ಚಿಗೆಲ್ಲ ಅವಳನ್ಯಾಕೆ ಎಬ್ಬಿಸೋದು, ಅಷ್ಟಕ್ಕೆ ಕೊಂಬು ಸಾಕು.

ಒಳ್ಳೇ ಕೊಂಬು ಅಂದ್ರೆ ಹವಳದ್ದು. ಹವಳಕ್ಕೆ ಈ ಕಾವಲು ಡ್ಯೂಟಿ ಬಿದ್ದು ಎರಡು ಸಾವಿರ ವರ್ಷ ಆಗೋಯ್ತು. ಮಕ್ಕಳಿಗೆ ಹವಳದ ಕಡ್ಡಿ ಕಟ್ಟಿದ್ರೆ ರಕ್ಷೆ ಅಂತ ಜನ ನಂಬ್ತಾರೆ ಅಂತ ಹಳೇ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ, ಜೊತೆಗೆ ಇನ್ನೊಂದು ಮಾತೂ ಹೇಳ್ತಾನೆ, ನಮಗೆ ಇಂಡಿಯಾದ ಮುತ್ತಿನ ಹುಚ್ಚು ಎಷ್ಟಿದೆಯೋ ಇಂಡಿಯಾದವರಿಗೆ ಹವಳದ ಹುಚ್ಚು ಅಷ್ಟೇ ಇದೆ ಅಂತ. (ಪಾಪ, ಕ್ರಿ.ಶ. 79ರಲ್ಲಿ ನೇಪಲ್ಸ್ ಪಕ್ಕದ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಅಲ್ಲೇ ಹತ್ತಿರದಲ್ಲೇ ತೀರ್ಕೊಂಡ.) ನಮ್ಮ ಅಜ್ಜಿಯಂದಿರ ಸರದಲ್ಲಿದ್ದ ಹವಳದಲ್ಲೂ ಎಷ್ಟೋ ಅಲ್ಲಿಯ ಮೆಡಿಟರೇನಿಯನ್ ಕಡಲಿಂದಾನೇ ಹಡಗು ಹತ್ತಿ ಬಂದಿರೋದು.

ಇಟಲಿಯದ್ದೇ ಇನ್ನೊಂದು ಊರು ಉರ್ಬಿನೊದಲ್ಲಿ ಹಳೇ ಕಾಲದ ಚಿತ್ರಕಾರ ಪಿಯೆರೊ ದೆಲ್ಲ ಫ್ರಾಂಚೆಸ್ಕಾ ಬರೆದ ಮೇರಿಮಾತೆ ಚಿತ್ರ ಒಂದಿದೆ, ಅದರಲ್ಲಿ ಬಾಲ ಯೇಸುವಿನ ಕೊರಳಲ್ಲೂ ಹವಳದ ಸರ, ಅದರಿಂದ ಇಳಿಬಿದ್ದಿರೋ ಹವಳದ ಕವಲು! ಮುಂದೆ ಅವನು ಸುರಿಸೋ ರಕ್ತದ ಗುರುತು ಅದು ಅಂತಾರೆ ಪಂಡಿತರು, ಇರ್ಬಹುದು, ಆದ್ರೆ ಆ ಕಾಲದ ತಾಯಂದಿರು ನೋಡಿದ್ರೆ, ಸದ್ಯ ಮಗೂಗೆ ದೃಷ್ಟಿಗೆ ಅಂತ ಏನೋ ಒಂದು ಹಾಕಿದ್ದಾರಲ್ಲ ಅಂತ ಸಮಾಧಾನ ಪಟ್ಕೊಂಡಿರ್ತಾರೆ ಅಂತ ನನ್ನ ಗುಮಾನಿ.

ಇನ್ನು ಸಂತರ ಒಡವೆ. ನೇಪಲ್ಸಿನ ಕಾವಲು ಸಂತ ಸಾನ್ ಜೆನ್ನಾರೊ, ಅವನ ಮೂರ್ತಿಗೆ 1679ರಲ್ಲಿ ಒಂದು ಸರ ಮಾಡಿಸಿದ್ರು. ಆಮೇಲೆ ಬಂದ ರಾಜಮನೆತನದವರು ವಜ್ರದ ಶಿಲುಬೆ, ಒಡವೆ ಅಂತ ಏರಿಸ್ತಾ ಹೋದ್ರು. ಬೂರ್ಬೊನ್ ಮನೆತನದವರು ಕೊಟ್ರು, ಅವರನ್ನ ಓಡಿಸಿ ಗದ್ದುಗೆ ಹತ್ತಿದ ನೆಪೋಲಿಯನ್ನನ ಅಣ್ಣ ಜೋಸೆಫನೂ ಕೊಟ್ಟ. ಸಿಂಹಾಸನ ಬೇಕಾದ್ರೆ ಕಿತ್ಕೊಬಹುದು, ಸಂತನ ಜೊತೆ ಮಾತ್ರ ಜಗಳ ಬೇಡ! ಹಂಗಾಗಿ ವೈರಿಗಳು ಕೊಟ್ಟಿದ್ದೆಲ್ಲ ಒಂದೇ ಕೊರಳಲ್ಲಿ ಕೂತಿದೆ.

ವೆಸೂವಿಯಸ್ ಬುಡದ ಟೊರೆ ದೆಲ್ ಗ್ರೆಕೊ ಅನ್ನೋ ಊರಲ್ಲಿ ಹವಳ ಕೆತ್ತೋದೇ ಕಸುಬು, ಆದ್ರೆ ಈಗ ಅಲ್ಲಿಗೂ ಹೆಚ್ಚು ಹವಳ ಜಪಾನ್, ತೈವಾನ್ ಕಡೆಯಿಂದ ಬರುತ್ತೆ. ನೇಪಲ್ಸಿನ ಸಾನ್ ಗ್ರೆಗೋರಿಯೊ ಅರ್ಮೇನೊ ಬೀದಿಯಲ್ಲಂತೂ ಪ್ಲಾಸ್ಟಿಕ್ ಕೊಂಬುಗಳೂ ರಾಶಿ ರಾಶಿ, ಕೀಚೈನಿಗೂ ಅದೇ, ಕಾರಿನ ಕನ್ನಡಿಗೂ ಅದೇ. ಹವಳವೋ ಪ್ಲಾಸ್ಟಿಕ್ಕೋ ಅಂತ ಯಾರೂ ಅಷ್ಟು ತಲೆ ಕೆಡಿಸ್ಕೊಳಲ್ಲ, ರೂಲ್ಸ್ ಇರೋದು ಬೇರೆ ಕಡೆ: ಕೊಂಬನ್ನ ನಮಗೆ ನಾವೇ ಕೊಂಡ್ರೆ ಕೆಲಸ ಮಾಡಲ್ವಂತೆ, ಬೇರೆಯವರು ಕೊಡಿಸ್ಬೇಕಂತೆ. ಇಬ್ಬರು ಫ್ರೆಂಡ್ಸ್ ಜೊತೆಗೆ ಹೋಗಿ ಒಬ್ಬರಿಗೊಬ್ಬರು ಕೊಡಿಸ್ಕೊಂಡ್ರಾಯ್ತು, ಅಂಗಡಿಯವನಿಗೂ ಎರಡು ವ್ಯಾಪಾರ.