ಬಚ್ಚಲ ಒಲೆಯ ಪಕ್ಕದ ಲೆಕ್ಕದ ಪುಸ್ತಕ

ಬಂಟ್ವಾಳದ ಬಳಿ ನೇತ್ರಾವತಿಯ ಬದಿಯಲ್ಲಿದ್ದ ನಮ್ಮ ಹಿರಿಯರ ಮನೆಯನ್ನು ಕಳೆದ ಬೇಸಿಗೆಯಲ್ಲಿ ಬಿಚ್ಚುವಾಗ ಅಟ್ಟದಿಂದ ಎರಡು ಕಟ್ಟು ಕಾಗದ ಇಳಿದವು. ಮೂಲಗೇಣಿ (ಕಾಯಂ ಗೇಣಿ) ಚೀಟು, ಪಾಲುಪಟ್ಟಿಗಳಿದ್ದ ಕಟ್ಟು ಕೂಡಲೇ ದೊಡ್ಡಪ್ಪನವರ ಕಪಾಟು ಸೇರಿತು. ಗೇಣಿ ಲೆಕ್ಕದ ಪುಸ್ತಕಗಳ ಕಟ್ಟನ್ನು ಬಚ್ಚಲ ಒಲೆಯ ಪಕ್ಕ ಇಟ್ಟಿದ್ದರು. ನಾನು ತಂದದ್ದು ಈ ಎರಡನೆಯದನ್ನು.

ಅಂಚನ್ನು ಗೆದ್ದಲು ತಿಂದಿದ್ದರೂ ಅಕ್ಷರ ಉಳಿದಿದೆ. ರುಧಿರೋದ್ಗಾರಿ ಸಂವತ್ಸರದ, ಅಂದರೆ 1923–24ರ, ಒಂದು ಪುಟದಲ್ಲಿ ಹೊಳೆಬದಿ ಗದ್ದೆಯ ಒಕ್ಕಲಿನ ಹೆಸರಿನಡಿ ಏಣೆಲು (ಮಳೆಗಾಲದ ಮೊದಲ ಬೆಳೆ) ಗೇಣಿ 6 ಮುಡಿ, ಬಂದದ್ದು 4 ಮುಡಿ 2 ಕಳಸೆ, ಬಾಕಿ 1 ಮುಡಿ 1 ಕಳಸೆ ಎಂದಿದೆ. ಧಾನ್ಯದ ಹಳೆಯ ಅಳತೆಯಲ್ಲಿ ಮುಡಿಗೆ 3 ಕಳಸೆ, ಕಳಸೆಗೆ 14 ಸೇರು ಎಂಬುದನ್ನು ತಿಳಿಯದವರಿಗೆ ಈ ಲೆಕ್ಕ ತಪ್ಪಾಗಿಯೇ ಕಾಣುತ್ತದೆ. ಬಾಕಿಯ ಎದುರು ಸಣ್ಣಕ್ಷರದಲ್ಲಿ ‘ಬೊಳ್ಳಕ್ಕೆ ಹೋದದ್ದು’ ಎಂದು ಬರೆದಿದೆ. 1923ರ ಆಗಸ್ಟಿನಲ್ಲಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ, ಊರಿನವರು ಇಂದಿಗೂ ಮಾರಿಬೊಳ್ಳ ಎನ್ನುವ ನೆರೆ ಅದು. ಬೆಳೆ ಹೊಳೆಯ ಪಾಲಾದದ್ದು ಗೊತ್ತಿದ್ದೂ ನಮ್ಮವರು ಬಾಕಿಯನ್ನು ಮನ್ನಾ ಮಾಡಲಿಲ್ಲ. ಮರುವರ್ಷ ರಕ್ತಾಕ್ಷಿಯ ಪುಟ ಆ ಬಾಕಿಯಿಂದಲೇ ಆರಂಭವಾಗುತ್ತದೆ.

ಇದು ಧಣಿಯ ಕೈಬರಹ, ಅಳೆದದ್ದೂ ಧಣಿಯ ಸೇರು, ಆದ್ದರಿಂದ ಇಲ್ಲಿರುವುದನ್ನೆಲ್ಲ ಸತ್ಯವೆಂದು ನಂಬಬೇಕಿಲ್ಲ. ಆದರೆ ಚಾಲಗೇಣಿಯ (ಕಾಯಂ ಅಲ್ಲದ ಗೇಣಿಯ) ಆ ಒಕ್ಕಲಿನ ಹೆಸರು ನಮ್ಮ ಮನೆಯ ಬೇರಾವ ಕಾಗದದಲ್ಲಿಯೂ ಇಲ್ಲ. ಜಾಗಕ್ಕೆ ಬೆಲೆ ಇರುವುದರಿಂದ ದಸ್ತಾವೇಜುಗಳನ್ನು ಯಾರೂ ಕಳೆದುಕೊಳ್ಳುವುದಿಲ್ಲ. ಒಲೆಗೆ ಹೋಗುವುದು ದುಡಿದವರ ಹೆಸರಿರುವ ಪುಸ್ತಕಗಳೇ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು ಒಕ್ಕಲುಗಳು ತಾವು ಉಳುವ ಭೂಮಿಯ ಹಕ್ಕು ಕೇಳಿ ಡಿಕ್ಲರೇಷನ್ ಕೊಡತೊಡಗಿದಾಗ, ಗೇಣಿಗೆ ಸಾಕ್ಷಿಯಾಗಬಹುದಾದ ಕೆಲವು ಪುಸ್ತಕಗಳು ನಮ್ಮಲ್ಲಿಯೂ ಬೂದಿಯಾದವೆಂದು ದೊಡ್ಡಮ್ಮ ಹೇಳುತ್ತಾರೆ. (ದೊಡ್ಡಪ್ಪ ಒಪ್ಪುವುದಿಲ್ಲ.)

ಇಂಥವು ನಿಮ್ಮ ಮನೆಯಲ್ಲಿದ್ದರೆ ಬಂಟ್ವಾಳದ ತುಳು ಬದುಕು ವಸ್ತುಸಂಗ್ರಹಾಲಯದಂತಹ ಕಡೆ ವಿಚಾರಿಸಿ. ಫೋಟೊ ತೆಗೆಯುವುದಾದರೆ ಅಂಚಿನ ಟಿಪ್ಪಣಿಯನ್ನು ಕತ್ತರಿಸದೆ ಇಡೀ ಪುಟವನ್ನು ತೆಗೆಯಿರಿ; ಒಂದು ಪ್ರತಿ ಒಕ್ಕಲಿನ ಮನೆಗೂ ಸಲ್ಲಬೇಕೆಂಬುದು ನನ್ನ ಹಠ.

ಹಾಗೆ ಪ್ರತಿ ಕೊಡಲು ಹೋದಾಗ ಆ ಒಕ್ಕಲಿನ ಮೊಮ್ಮಗ ಕನ್ನಡಕ ಹಾಕಿಕೊಂಡು ಓದಿ, ಬೆರಳು ಮಡಚಿ ಎಣಿಸಿ, “ಐವತ್ತಾರು ಸೇರು. ಮತ್ತೆ ಇದು ತೀರಿತಾ ಅಣ್ಣ?” ಎಂದು ಕೇಳಿದರು. ರಕ್ತಾಕ್ಷಿಯ ಆಚೆಗಿನ ಪುಸ್ತಕ ಕಟ್ಟಿನಲ್ಲಿರಲಿಲ್ಲ.